ಪೊಲೀಸ್ ಶೋಧ ಮತ್ತು ಒಪ್ಪಿಗೆ: ಪರೀಕ್ಷಾ ಟಿಪ್ಪಣಿ

ಚಿತ್ತಾಪುರ ತಾಲ್ಲೂಕಿನ ನಾಲವಾರದ ಒಂದು ಮನೆಗೆ ಪೊಲೀಸರು ವಾರಂಟ್ ಇಲ್ಲದೆ ಬಂದರೆ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 185ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ಅಧಿಕಾರಿ ಕಾರಣವನ್ನು ಮೊದಲೇ ಬರೆದಿಡಬೇಕು, ದಾಖಲೆಯ ಪ್ರತಿಯನ್ನು 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಇಬ್ಬರು ಪಂಚರು ಬೇಕು (ಕಲಂ 103). ಶೋಧದ ವಿಡಿಯೊ ಚಿತ್ರೀಕರಣ ಕಡ್ಡಾಯ (ಕಲಂ 105).

ಒಪ್ಪಿಗೆಯ ಪ್ರಶ್ನೆಗೆ ಎರಡು ಪ್ರಮುಖ ತೀರ್ಪುಗಳೂ ಕರ್ನಾಟಕದ ಪ್ರಕರಣಗಳಿಂದಲೇ ಬಂದಿವೆ. ಸೆಲ್ವಿ ಪ್ರಕರಣದಲ್ಲಿ (2010) ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದ ಮಂಪರು ಪರೀಕ್ಷೆ ಸಂವಿಧಾನದ 20(3)ನೇ ವಿಧಿಗೆ ವಿರುದ್ಧ ಎಂದಿತು. ಸುಳ್ಳುಪತ್ತೆ ಪರೀಕ್ಷೆಗೆ ಕೊಡುವ ಒಪ್ಪಿಗೆ ಮ್ಯಾಜಿಸ್ಟ್ರೇಟರ ಮುಂದೆಯೇ ದಾಖಲಾಗಬೇಕು. ವೀರೇಂದ್ರ ಖನ್ನಾ ಪ್ರಕರಣದಲ್ಲಿ (2021) ಕರ್ನಾಟಕ ಹೈಕೋರ್ಟ್ ಇನ್ನೂ ಮುಂದೆ ಹೋಗಿ, ಆರೋಪಿಯ ಮೌನವನ್ನು ಒಪ್ಪಿಗೆ ಎಂದು ಭಾವಿಸುವಂತಿಲ್ಲ ಎಂದಿತು. ಠಾಣೆಯಲ್ಲಿ ಹೆದರಿ ತಲೆಯಾಡಿಸುವವರ ಪಾಲಿಗೆ ಇದು ಬಹು ದೊಡ್ಡ ಮಾತು. ಆದರೆ ಮೊಬೈಲ್ ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷ್ಯ ನುಡಿದಂತಲ್ಲ. ಕೊಡದಿದ್ದರೆ ಪೊಲೀಸರು ನ್ಯಾಯಾಲಯದಿಂದ ಶೋಧನಾ ವಾರಂಟ್ ಕೋರಬಹುದು ಎಂದೂ ಅದೇ ತೀರ್ಪು ಹೇಳಿದೆ.

ಮಾದಕವಸ್ತು ಕಾಯ್ದೆಯ 50ನೇ ಕಲಂ ಪ್ರಕಾರ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಶೋಧಕ್ಕೆ ಒಳಗಾಗುವ ಹಕ್ಕಿದೆ ಎಂದು ವ್ಯಕ್ತಿಗೆ ತಿಳಿಸಲೇಬೇಕು (ವಿಜಯಸಿಂಹ ಜಡೇಜಾ, 2010). ಇದು ಮೈ ತಪಾಸಣೆಗೆ ಮಾತ್ರ. ರೈಲ್ವೆ ನಿಲ್ದಾಣದಲ್ಲಿ ಕೈಚೀಲ ತೆರೆಸಿದರೆ ಅನ್ವಯಿಸದು (ಪವನ್ ಕುಮಾರ್, 2005).

ಅಕ್ರಮ ಶೋಧದಲ್ಲಿ ಸಿಕ್ಕ ವಸ್ತು ಸಾಕ್ಷ್ಯವಾಗುವುದೇ? ಸಾಮಾನ್ಯವಾಗಿ ಹೌದು (ಪೂರಣ್ ಮಲ್, 1974). ನಾಗರಿಕನ ರಕ್ಷಣೆ ಇಲ್ಲಿ ದುರ್ಬಲವೇ ಸರಿ. ಪರೀಕ್ಷಾರ್ಥಿಗಳು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 165ನೇ ಕಲಂ ಈಗ 185 ಆಗಿದೆ ಎಂಬುದನ್ನು ಮರೆಯಬಾರದು.