ಪ್ರಾತಃಕಾಲದ ಬಾನುಲಿಯೂ ರಾಕ್ ಗೀತೆಗಳ ಕೇಳುಗರೂ

ಸಂಗೀತವನ್ನು ಕೇಳುವ ಬಗೆಗಳು ಮುಖ್ಯವಾಗಿ ಮೂರು. ಸಭೆಯಲ್ಲಿ ಹತ್ತು ಜನರ ನಡುವೆ ಕುಳಿತು ಕೇಳುವುದು ಮೊದಲನೆಯದು. ಮನೆಯಲ್ಲಿ ಗ್ರಾಮಫೋನ್ ತಟ್ಟೆಯನ್ನಿಟ್ಟುಕೊಂಡು, ತನಗೆ ಬೇಕಾದಾಗ ಬೇಕಾದುದನ್ನು ಕೇಳುವುದು ಎರಡನೆಯದು. ಬಾನುಲಿ ಬಂದ ಮೇಲೆ ಮೂರನೆಯ ಬಗೆಯೊಂದು ಹುಟ್ಟಿತು. ಇಲ್ಲಿ ಕೇಳುವವನು ಅಡುಗೆಮನೆಯಲ್ಲೋ, ಅಂಗಡಿಯಲ್ಲೋ, ಹಾಸಿಗೆಯ ಮೇಲೋ ಒಬ್ಬನೇ ಇರಬಹುದು. ಆದರೂ ಅದೇ ಕ್ಷಣದಲ್ಲಿ ಅದೇ ಹಾಡನ್ನು ತಾನು ಕಾಣದ ಲಕ್ಷಾಂತರ ಜನ ಕೇಳುತ್ತಿದ್ದಾರೆಂಬ ಅರಿವು ಅವನಿಗಿರುತ್ತದೆ. ಏಕಾಂತವೂ ಸಭೆಯೂ ಒಂದಾಗುವ ಈ ಸ್ಥಿತಿ ಬೆಳಗಿನ ಪ್ರಸಾರದಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಏಕೆಂದರೆ ಬೆಳಗಿನ ಹೊತ್ತಿನಲ್ಲಿ ಊರಿಗೆ ಊರೇ ಒಂದೇ ಬಗೆಯ ಕೆಲಸಗಳಲ್ಲಿ ತೊಡಗಿರುತ್ತದೆ. ರಾಕ್ ಸಂಗೀತದ ಅಭಿಮಾನಿಗಳು ಇಂಥ ಸಭೆಯನ್ನು ಬ್ರಿಟನ್ನಿನಲ್ಲಿ ಹೇಗೆ ಪಡೆದರು, ಹೇಗೆ ಉಳಿಸಿಕೊಂಡರು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ರಾಕ್ ಸಂಗೀತದ ತವರು ಅಮೆರಿಕ. ಅಲ್ಲಿನ ಕಪ್ಪು ಜನರ ರಿದಮ್ ಅಂಡ್ ಬ್ಲೂಸ್ ಹಾಡುಗಳೂ ಗ್ರಾಮಾಂತರದ ಕಂಟ್ರಿ ಗೀತೆಗಳೂ ಬೆರೆತು 1950ರ ದಶಕದಲ್ಲಿ ಅದು ರೂಪುಗೊಂಡಿತು. ‘ರಾಕ್ ಅಂಡ್ ರೋಲ್’ ಎಂಬ ಹೆಸರನ್ನು ಜನಜನಿತಗೊಳಿಸಿದವರಲ್ಲಿ ಪ್ರಮುಖರಾದವರು ಕ್ಲೀವ್‌ಲೆಂಡ್ ನಗರದ ಬಾನುಲಿ ನಿರೂಪಕ ಅಲನ್ ಫ್ರೀಡ್ ಎಂಬುದು ಗಮನಾರ್ಹ. ‘ಕ್ಲಾಸಿಕ್ ರಾಕ್’ ಎಂಬ ಮಾತಾದರೋ ಬಹಳ ಈಚಿನದು. 1960 ಮತ್ತು 1970ರ ದಶಕಗಳ ಗೀತೆಗಳನ್ನೇ ಮತ್ತೆ ಮತ್ತೆ ಬಿತ್ತರಿಸತೊಡಗಿದ ಅಮೆರಿಕದ ಎಫ್.ಎಂ. ನಿಲಯಗಳು 1980ರ ದಶಕದಲ್ಲಿ ಆ ಹೆಸರನ್ನು ಬಳಕೆಗೆ ತಂದವು. ಇದರಿಂದ ಒಂದು ಸಂಗತಿ ವಿಶದವಾಗುತ್ತದೆ. ಯಾವ ಹಾಡೂ ಹುಟ್ಟುವಾಗಲೇ ಅಭಿಜಾತವಾಗಿರುವುದಿಲ್ಲ. ಕೇಳುಗರು ಇಪ್ಪತ್ತು ವರ್ಷ ಬಿಡದೆ ಕೇಳಿದ್ದರಿಂದ ಅದು ಹಾಗಾಗುತ್ತದೆ.

ಇನ್ನು ಬ್ರಿಟನ್ನಿನ ಕಡೆಗೆ ನೋಡೋಣ. 1922ರಲ್ಲಿ ಆರಂಭವಾದ ಬಿ.ಬಿ.ಸಿ. ಸಂಸ್ಥೆಗೆ ಆ ದೇಶದ ಬಾನುಲಿಯ ಮೇಲೆ ಸುಮಾರು ಅರ್ಧ ಶತಮಾನ ಏಕಸ್ವಾಮ್ಯವಿತ್ತು. ಜನರಿಗೆ ಪ್ರಿಯವಾದುದಕ್ಕಿಂತ ಹಿತವಾದುದನ್ನು ಕೊಡಬೇಕೆಂಬುದು ಅದರ ಮೊದಲ ಮುಖ್ಯಾಧಿಕಾರಿ ಜಾನ್ ರೀತ್ ಅವರ ಧೋರಣೆಯಾಗಿತ್ತು. ಇದರ ಜೊತೆಗೆ ಇನ್ನೊಂದು ಕಟ್ಟುಪಾಡೂ ಇತ್ತು. ಅದರ ಹೆಸರು ‘ನೀಡಲ್ ಟೈಮ್’, ಎಂದರೆ ಸೂಜಿಯ ಹೊತ್ತು. ಗ್ರಾಮಫೋನಿನ ಸೂಜಿ ತಟ್ಟೆಯ ಮೇಲೆ ಎಷ್ಟು ಹೊತ್ತು ಓಡಬಹುದೆಂಬುದನ್ನು ತಟ್ಟೆಯ ಕಂಪನಿಗಳೂ ವಾದ್ಯಗಾರರ ಸಂಘವೂ ಬಿ.ಬಿ.ಸಿ.ಯೊಡನೆ ಮಾಡಿಕೊಂಡ ಒಪ್ಪಂದಗಳು ಗೊತ್ತುಪಡಿಸಿದ್ದವು. 1960ರ ದಶಕದ ಆರಂಭದಲ್ಲಿ ಈ ಅವಧಿ ದಿನಕ್ಕೆ ನಾಲ್ಕೈದು ಗಂಟೆಗಳಷ್ಟೇ ಇತ್ತು. ಬಾನುಲಿಯಲ್ಲಿ ಪುಕ್ಕಟೆಯಾಗಿ ಕೇಳಸಿಕ್ಕರೆ ತಟ್ಟೆಯನ್ನು ಯಾರೂ ಕೊಳ್ಳುವುದಿಲ್ಲವೆಂದು ಕಂಪನಿಗಳ ಶಂಕೆ. ತಟ್ಟೆಯೇ ಹಾಡಿದರೆ ತಮ್ಮ ಅನ್ನಕ್ಕೆ ಕಲ್ಲು ಬೀಳುವುದೆಂದು ವಾದ್ಯಗಾರರ ಭಯ. ಎರಡನೆಯ ಭಯವನ್ನು ಹಗುರಾಗಿ ಕಾಣುವಂತಿಲ್ಲ. ಬದುಕಿರುವ ಕಲಾವಿದನಿಗೆ ಕೆಲಸ ಉಳಿಯಬೇಕೆಂಬುದು ನ್ಯಾಯವಾದ ಬೇಡಿಕೆಯೇ. ಆದರೆ ಈ ಮಾತುಕತೆಯಲ್ಲಿ ಕೇಳುಗರ ಪರವಾಗಿ ಕುಳಿತವರು ಯಾರೂ ಇರಲಿಲ್ಲ.

ಈ ಇಕ್ಕಟ್ಟಿನ ನಡುವೆಯೇ ಬಿ.ಬಿ.ಸಿ.ಯ ಲೈಟ್ ಪ್ರೋಗ್ರಾಮ್ ವಾಹಿನಿ 1958ರ ಅಕ್ಟೋಬರ್ 4ರಂದು ‘ಸ್ಯಾಟರ್ಡೆ ಕ್ಲಬ್’ ಎಂಬ ಕಾರ್ಯಕ್ರಮವನ್ನು ಪ್ರಾರಂಭಿಸಿತು. ಶನಿವಾರ ಬೆಳಿಗ್ಗೆ 10ರಿಂದ 12ರವರೆಗೆ, ಶಾಲೆಗೆ ರಜೆಯಿರುವ ತರುಣರನ್ನು ಉದ್ದೇಶಿಸಿ ಅದು ನಡೆಯುತ್ತಿತ್ತು. ನಿರೂಪಕರು ಬ್ರಯಾನ್ ಮ್ಯಾಥ್ಯೂ. ತಟ್ಟೆಗಳನ್ನು ಯಥೇಚ್ಛವಾಗಿ ಹಾಕುವಂತಿರಲಿಲ್ಲವಾದ್ದರಿಂದ ತಂಡಗಳನ್ನೇ ಕರೆಸಿ ಹಾಡಿಸಬೇಕಾಯಿತು. 1963ರ ಜನವರಿ 26ರಂದು ಲಿವರ್‌ಪೂಲಿನ ನಾಲ್ವರು ತರುಣರ ‘ಬೀಟಲ್ಸ್’ ತಂಡ ಮೊದಲ ಬಾರಿಗೆ ಈ ಕಾರ್ಯಕ್ರಮದಲ್ಲಿ ಕೇಳಿಬಂದಿತು. 1962ರಿಂದ 1965ರವರೆಗೆ ಬಿ.ಬಿ.ಸಿ.ಯ ವಿವಿಧ ಕಾರ್ಯಕ್ರಮಗಳಲ್ಲಿ ಈ ತಂಡದ 275 ಗಾಯನಗಳು ಪ್ರಸಾರವಾದವು. ಹಾಡುಗಳ ಸಂಖ್ಯೆ 88. ಅವುಗಳಲ್ಲಿ 36 ಹಾಡುಗಳು ಅವರ ಸ್ಟುಡಿಯೋ ಆಲ್ಬಮ್‌ಗಳಲ್ಲಿ ಎಲ್ಲಿಯೂ ಇಲ್ಲ. ಸೂಜಿಯ ಹೊತ್ತಿನ ನಿರ್ಬಂಧ ಇಲ್ಲದಿದ್ದರೆ ಇಷ್ಟು ಹಾಡಿಸುವ ಪ್ರಮೇಯವೇ ಬರುತ್ತಿರಲಿಲ್ಲ. ಕೇಳುಗರಿಗೆ ಕೊರತೆಯಾಗಿ ಕಂಡದ್ದು ಕಲೆಗೆ ಲಾಭವಾಗಿ ಪರಿಣಮಿಸಿದ್ದು ಇಲ್ಲಿನ ವಿಚಿತ್ರ.

ಆದರೂ ವಾರಕ್ಕೊಮ್ಮೆ ಎರಡು ಗಂಟೆಗಳಿಂದ ತರುಣರ ಹಸಿವು ಹಿಂಗಲಿಲ್ಲ. ಟ್ರಾನ್ಸಿಸ್ಟರ್ ಬಂದು ರೇಡಿಯೋ ಪೆಟ್ಟಿಗೆ ಹಜಾರವನ್ನು ಬಿಟ್ಟು ಹುಡುಗರ ಕೈಗೆ ಸಿಕ್ಕಿತ್ತು. ಬೇಕಾದ ಹಾಡು ಮಾತ್ರ ಸಿಗುತ್ತಿರಲಿಲ್ಲ. ನೆಲದ ಮೇಲೆ ದೊರೆಯದ್ದು ನೀರಿನ ಮೇಲಿನಿಂದ ಬಂದಿತು. ಐರ್ಲೆಂಡಿನ ರೋನನ್ ಓ ರಾಹಿಲಿ ಎಂಬ ಯುವಕ ಹಳೆಯದೊಂದು ಹಡಗಿನಲ್ಲಿ ಪ್ರೇಷಕಯಂತ್ರವನ್ನು ನಿಲ್ಲಿಸಿ, ಅದನ್ನು ಇಂಗ್ಲೆಂಡಿನ ಪೂರ್ವ ಕರಾವಳಿಯಾಚೆ ಲಂಗರು ಹಾಕಿಸಿದನು. ದಡದಿಂದ ಮೂರು ಮೈಲಿಗಳಾಚೆಯ ಕಡಲಿಗೆ ಆಗಿನ ಬ್ರಿಟಿಷ್ ಕಾನೂನು ಅನ್ವಯಿಸುತ್ತಿರಲಿಲ್ಲ. ‘ರೇಡಿಯೋ ಕ್ಯಾರೊಲಿನ್’ ಎಂಬ ಈ ನಿಲಯ 1964ರ ಮಾರ್ಚ್ 28ರಂದು ಪ್ರಸಾರವನ್ನು ಆರಂಭಿಸಿತು. ಅದೇ ವರ್ಷದ ಕೊನೆಗೆ ‘ರೇಡಿಯೋ ಲಂಡನ್’ ಎಂಬ ಇನ್ನೊಂದು ಹಡಗು ಬಂದಿತು. ಜನ ಇವನ್ನು ಕಡಲುಗಳ್ಳ ನಿಲಯಗಳೆಂದು ಕರೆದರು. ಬೆಳಗಿನಿಂದ ರಾತ್ರಿಯವರೆಗೆ ಹೊಸ ಹಾಡುಗಳು, ಬರೆದಿಟ್ಟುಕೊಳ್ಳದೆ ಗೆಳೆಯನಂತೆ ಮಾತಾಡುವ ನಿರೂಪಕರು: ಇವೇ ಅವುಗಳ ಆಕರ್ಷಣೆ. ಆದರೆ ಇವು ಸೂಜಿಯ ಹೊತ್ತಿನ ಒಪ್ಪಂದಗಳಿಗೆ ಒಳಪಟ್ಟಿರಲಿಲ್ಲವೆಂಬುದನ್ನೂ ಮರೆಯಬಾರದು.

ಸರ್ಕಾರ ಸುಮ್ಮನಿರಲಿಲ್ಲ. 1967ರ ಆಗಸ್ಟ್ ನಡುವಿನಲ್ಲಿ ಜಾರಿಗೆ ಬಂದ ಶಾಸನವೊಂದು ಈ ಹಡಗುಗಳಿಗೆ ನೆರವಾಗುವುದನ್ನೂ, ಜಾಹೀರಾತು ಕೊಡುವುದನ್ನೂ ಅಪರಾಧವೆಂದು ಸಾರಿತು. ಹೆಚ್ಚಿನ ನಿಲಯಗಳು ಮುಚ್ಚಿದವು. ಆದರೆ ನಿಲಯ ಮುಚ್ಚಿದೊಡನೆ ಕೇಳುಗರ ಬಯಕೆ ಮುಚ್ಚಿಹೋಗುವುದಿಲ್ಲವಷ್ಟೆ. ಆರು ವಾರಗಳು ತುಂಬಿದ ಮೇಲೆ, 1967ರ ಸೆಪ್ಟೆಂಬರ್ 30, ಶನಿವಾರ, ಬೆಳಿಗ್ಗೆ 7 ಗಂಟೆಗೆ ಬಿ.ಬಿ.ಸಿ. ತಾನೇ ‘ರೇಡಿಯೋ ಒನ್’ ಎಂಬ ಹೊಸ ವಾಹಿನಿಯನ್ನು ತೆರೆಯಿತು. ಅಂದು ಬೆಳಿಗ್ಗೆ ಮೊದಲು ಮಾತಾಡಿದವರು ಟೋನಿ ಬ್ಲ್ಯಾಕ್‌ಬರ್ನ್. ಅವರು ಕ್ಯಾರೊಲಿನ್ ಮತ್ತು ಲಂಡನ್ ಹಡಗುಗಳೆರಡರಲ್ಲೂ ಪಳಗಿದವರು. ಪೂರ್ತಿಯಾಗಿ ಕೇಳಿಸಿದ ಮೊದಲ ತಟ್ಟೆ ‘ದಿ ಮೂವ್’ ತಂಡದ ‘ಫ್ಲವರ್ಸ್ ಇನ್ ದಿ ರೇನ್’. ಕಳ್ಳನೆಂದು ಹೊರಗಟ್ಟಿದವನನ್ನೇ ಕರೆತಂದು ಮನೆಯ ಬಾಗಿಲು ತೆರೆಸಿದಂತಾಯಿತು. ಆ ಬೆಳಗು ಕೇಳುಗರಿಗೆ ದೊರೆತ ಜಯವೆನ್ನಲು ಅಡ್ಡಿಯಿಲ್ಲ.

ಹಳೆಯ ಗಾಯನಗಳ ಗತಿಯೇನಾಯಿತೆಂಬುದನ್ನೂ ವಿಚಾರಿಸಬೇಕು. ಆ ಕಾಲದಲ್ಲಿ ಧ್ವನಿಮುದ್ರಣದ ಟೇಪು ದುಬಾರಿ ವಸ್ತು. ಪ್ರಸಾರ ಮುಗಿದೊಡನೆ ಅದನ್ನು ಅಳಿಸಿ ಮತ್ತೆ ಬಳಸುವುದು ವಾಡಿಕೆಯಾಗಿತ್ತು. ಹೀಗಾಗಿ ಬೀಟಲ್ಸ್ ತಂಡದ ಎಷ್ಟೋ ಬಾನುಲಿ ಗಾಯನಗಳು ಬಿ.ಬಿ.ಸಿ.ಯ ಉಗ್ರಾಣದಲ್ಲಿಯೇ ಉಳಿಯಲಿಲ್ಲ. ಮುಂದೆ ಅವನ್ನು ಹುಡುಕಲು ಹೊರಟಾಗ ನೆರವಿಗೆ ಬಂದವುಗಳಲ್ಲಿ ಕೇಳುಗರು ತಮ್ಮ ಮನೆಗಳಲ್ಲಿ ರೇಡಿಯೋ ಎದುರು ಯಂತ್ರವಿಟ್ಟು ಮುದ್ರಿಸಿಕೊಂಡಿದ್ದ ಟೇಪುಗಳೂ ಸೇರಿದ್ದವು. 1994ರಲ್ಲಿ ಈ ಬಾನುಲಿ ಗಾಯನಗಳ ಸಂಕಲನವೊಂದು ‘ಲೈವ್ ಅಟ್ ದಿ ಬಿ.ಬಿ.ಸಿ.’ ಎಂಬ ಹೆಸರಿನಿಂದ ಪ್ರಕಟವಾಯಿತು. ಹನಿಗೂಡಿದರೆ ಹಳ್ಳ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯವಾಗಿದೆ. ಸಂಸ್ಥೆ ಅಳಿಸಿದ್ದನ್ನು ಸಾಮಾನ್ಯ ಕೇಳುಗ ಕಾಪಾಡಿದ್ದಾನೆ.

ಶನಿವಾರದ ಬೆಳಗಿನ ಸಭೆಯೂ ಚದುರಿಹೋಗಲಿಲ್ಲ. 1983ರಲ್ಲಿ ಬಿ.ಬಿ.ಸಿ.ಯ ರೇಡಿಯೋ ಟು ವಾಹಿನಿ ‘ಸೌಂಡ್ಸ್ ಆಫ್ ದಿ ಸಿಕ್ಸ್ಟೀಸ್’, ಎಂದರೆ ಅರುವತ್ತರ ದಶಕದ ನಾದಗಳು, ಎಂಬ ಕಾರ್ಯಕ್ರಮವನ್ನು ಆರಂಭಿಸಿತು. 1990ರಲ್ಲಿ ಅದರ ಹೊಣೆ ಹೊತ್ತವರು ಬೇರೆ ಯಾರೂ ಅಲ್ಲ. ಹಿಂದೆ ‘ಸ್ಯಾಟರ್ಡೆ ಕ್ಲಬ್’ ನಡೆಸಿದ್ದ ಬ್ರಯಾನ್ ಮ್ಯಾಥ್ಯೂ ಅವರೇ. ಹದಿನೈದರ ಹರೆಯದಲ್ಲಿ ಅವರ ದನಿ ಕೇಳಿದ್ದವರು ಐವತ್ತು ದಾಟಿದ ಮೇಲೂ ಅದೇ ವಾರದ ಬೆಳಿಗ್ಗೆ ಅದೇ ದನಿಯನ್ನು ಕೇಳಿದರು. ಮರೆತುಹೋದ ತಂಡಗಳ ಹಾಡುಗಳನ್ನು ಕೋರಿ ಬರೆದರು. 2017ರಲ್ಲಿ ಮ್ಯಾಥ್ಯೂ ಅವರ ಸ್ಥಾನಕ್ಕೆ ಟೋನಿ ಬ್ಲ್ಯಾಕ್‌ಬರ್ನ್ ಬಂದರು. ಆಗ ಕಾರ್ಯಕ್ರಮದ ವೇಳೆಯನ್ನು ಬೆಳಗಿನ 8ರಿಂದ 6ಕ್ಕೆ ಬದಲಾಯಿಸಿದಾಗ ಕೇಳುಗರಲ್ಲಿ ಅನೇಕರು ಆಕ್ಷೇಪಿಸಿದರು. ಹಾಡುಗಳು ಅವೇ ಇದ್ದರೂ ಹೊತ್ತು ಬದಲಾದುದಕ್ಕೆ ಇಷ್ಟು ಬೇಸರವೇಕೆ? ಜನ ಪ್ರೀತಿಸಿದ್ದು ಹಾಡನ್ನು ಮಾತ್ರವಲ್ಲ, ಎಲ್ಲರೂ ಕೂಡುವ ಆ ಹೊತ್ತನ್ನು ಕೂಡ. ಆ ಏಪ್ರಿಲ್ ತಿಂಗಳಲ್ಲಿಯೇ ಮ್ಯಾಥ್ಯೂ ಅವರು 88ನೆಯ ವಯಸ್ಸಿನಲ್ಲಿ ನಿಧನರಾದರು.

ಇದೆಲ್ಲ ದೂರದ ದೇಶದ ಕಥೆಯೆಂದು ನಾವು ತಿಳಿಯಬೇಕಾಗಿಲ್ಲ. 1952ರಲ್ಲಿ ಬಿ.ವಿ. ಕೇಸ್ಕರ್ ಅವರು ಪ್ರಸಾರ ಖಾತೆಯ ಸಚಿವರಾದ ಮೇಲೆ ನಮ್ಮ ಬಾನುಲಿಯಿಂದ ಚಲನಚಿತ್ರಗೀತೆಗಳು ಹೆಚ್ಚುಕಡಿಮೆ ಕಣ್ಮರೆಯಾದವು. ಇಲ್ಲಿಯೂ ಜನರಿಗೆ ಹಿತವಾದುದು ಯಾವುದೆಂಬ ಪ್ರಶ್ನೆಯೇ ಎದ್ದಿತ್ತು. ಇಲ್ಲಿಯೂ ಕೇಳುಗರಿಗೆ ಬೇಕಾದುದು ಕಡಲಾಚೆಯಿಂದಲೇ ಬಂದಿತು. ರೇಡಿಯೋ ಸಿಲೋನಿನ ಪ್ರಬಲವಾದ ಹ್ರಸ್ವತರಂಗಗಳು ಆ ಕೆಲಸ ಮಾಡಿದವು. ಬೆಳಿಗ್ಗೆ 7-30ಕ್ಕೆ ಹಳೆಯ ಹಿಂದಿ ಚಿತ್ರಗೀತೆಗಳನ್ನು ಕೇಳಿಸಿ, ಕೊನೆಗೆ ಕೆ.ಎಲ್. ಸೈಗಲ್ ಅವರ ಹಾಡಿನಿಂದ ಮುಗಿಸುವುದು ಆ ನಿಲಯದ ಪ್ರಸಿದ್ಧ ಸಂಪ್ರದಾಯ. ಕಡೆಗೆ 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ವಿವಿಧಭಾರತಿಯನ್ನು ತೆರೆಯಿತು. ರೇಡಿಯೋ ಒನ್ ಹುಟ್ಟಿದ್ದು ಇದಾಗಿ ಹತ್ತು ವರ್ಷಕ್ಕೆ ಮೂರೇ ದಿನ ಕಡಿಮೆಯಿದ್ದಾಗ. ಎರಡು ದೇಶ, ಎರಡು ಸಂಗೀತ. ಆದರೆ ಪಾಠ ಒಂದೇ.

ಆ ಪಾಠವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಬಾನುಲಿಯ ಸಭೆ ಕೂಡಲು ಮೂರು ಅಂಗಗಳು ಬೇಕು: ಗೊತ್ತಾದ ಒಂದು ಹೊತ್ತು, ಪರಿಚಯದ ಒಂದು ದನಿ, ಕೇಳುಗನಿಂದ ಹಿಂದಿರುಗಿ ಬರುವ ಒಂದು ಮಾತು. ಮೊದಲಿನ ಎರಡನ್ನು ನಿಲಯ ಒದಗಿಸಬಲ್ಲದು. ಮೂರನೆಯದು ಕೇಳುಗನ ಕೈಯಲ್ಲಿದೆ. ಅದು ನಿಂತರೆ ಉಳಿಯುವುದು ಸದ್ದು ಮಾತ್ರ.

ಇಲ್ಲೊಂದು ಆಕ್ಷೇಪಣೆಗೆ ಅವಕಾಶವಿದೆ. ಹಳೆಯ ಹಾಡುಗಳನ್ನೇ ಹಿಡಿದು ಕೂರುವುದು ಗತಕಾಲದ ಹಂಬಲವಲ್ಲವೇ ಎಂದು ಕೆಲವರು ಕೇಳಬಹುದು. ಕೆಲವೇ ನೂರು ಹಾಡುಗಳನ್ನು ಗಾಣದೆತ್ತಿನಂತೆ ಸುತ್ತಿಸುವ ನಿಲಯಗಳ ವಿಷಯದಲ್ಲಿ ಈ ಮಾತು ನಿಜವೇ. ಆದರೆ ಮರೆತ ಹಾಡೊಂದನ್ನು ನೆನಪಿಸಿ ಕೇಳಿಸೆಂದು ಬರೆಯುವ ಕೇಳುಗ ಹಿಂದಕ್ಕೆ ನೋಡುತ್ತಿರುವುದು ನಿಜವಾದರೂ, ಆ ಹಾಡನ್ನು ಅಂದು ಹುಟ್ಟಿಯೇ ಇರದ ಇನ್ನೊಬ್ಬನ ಕಿವಿಗೆ ಮುಟ್ಟಿಸುತ್ತಿದ್ದಾನೆ. ಗ್ರಂಥಾಲಯದಲ್ಲಿ ಹಳೆಯ ಪುಸ್ತಕವನ್ನು ಕೇಳಿ ಪಡೆಯುವವನನ್ನು ನಾವು ಗತಕಾಲದವನೆನ್ನುವುದಿಲ್ಲ.

ಇಂದು ಸೂಜಿಯ ಹೊತ್ತಿನ ಕಟ್ಟುಪಾಡಿಲ್ಲ; 1988ರಲ್ಲಿಯೇ ಅದು ಕೊನೆಗೊಂಡಿತು. ಕೋಟಿಗಟ್ಟಲೆ ಹಾಡುಗಳು ಪ್ರತಿಯೊಬ್ಬನ ಫೋನಿನಲ್ಲಿ ಸಿದ್ಧವಾಗಿವೆ. ಮುಂದಿನ ಹಾಡು ಯಾವುದೆಂಬುದನ್ನು ಅನೇಕ ವೇಳೆ ಯಂತ್ರವೇ ಆರಿಸಿಕೊಡುತ್ತದೆ. ಹಿಂದೆ ಹಾಡಿಗೆ ಬರವಿತ್ತು, ಸಭೆಗೆ ಬರವಿರಲಿಲ್ಲ. ಇಂದು ಹಾಡು ಹೇರಳವಾಗಿದೆ, ಒಟ್ಟಿಗೆ ಕೇಳುವ ಹೊತ್ತು ವಿರಳವಾಗಿದೆ. ಒಂದೇ ಬಸ್ಸಿನಲ್ಲಿ ಕುಳಿತ ನಲವತ್ತು ಜನರ ಕಿವಿಗಳಲ್ಲಿ ನಲವತ್ತು ಹಾಡುಗಳು ಹರಿಯುತ್ತಿರಬಹುದು. ಇದರಿಂದ ಆಯ್ಕೆಯ ಸ್ವಾತಂತ್ರ್ಯ ಹೆಚ್ಚಿದೆ ಎಂಬುದು ನಿರ್ವಿವಾದ. ಅದನ್ನು ಬಿಟ್ಟುಕೊಡಬೇಕೆಂದು ಯಾರೂ ಹೇಳಲಾರರು.

ಆದರೆ ವಿದ್ಯಾರ್ಥಿಗಳಾದ ನಾವು ಮಾಡಬಹುದಾದುದು ಎರಡಿವೆ. ಮೆಚ್ಚಿದ ಹಾಡನ್ನು ಒಬ್ಬರೇ ಕೇಳಿ ಮುಗಿಸದೆ, ಅದು ಯಾರ ಕೃತಿ, ಯಾವ ಕಾಲದ್ದು, ಏಕೆ ಮೆಚ್ಚಿತು ಎಂಬುದನ್ನು ನಾಲ್ವರೊಡನೆ ಹಂಚಿಕೊಳ್ಳುವುದು ಒಂದು. ಊರಿನ ಹಿರಿಯರ ಮನೆಗಳ ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಟೇಪುಗಳನ್ನು ಎಸೆಯುವ ಮೊದಲು ಕೇಳಿಸಿಕೊಂಡು, ಪ್ರತಿಮಾಡಿ ಇಡುವುದು ಇನ್ನೊಂದು. ಯಾವ ಟೇಪಿನಲ್ಲಿ ಯಾವ ನಿಲಯ ಅಳಿಸಿಹಾಕಿದ ಬೆಳಗು ಅಡಗಿದೆಯೋ ಬಲ್ಲವರಾರು? ಇಂಗ್ಲೆಂಡಿನಲ್ಲಿ ಒಂದು ಯುಗದ ಸಂಗೀತದ ಒಂದಿಷ್ಟು ಭಾಗ ಉಳಿದದ್ದು ಹಾಗೆ ಎತ್ತಿಟ್ಟವರಿಂದ.