ಬೋಗಿ ಬಿದ್ದರೆ ಮೊದಲು ಬಗ್ಗಿ ನೋಡಿ

ಪುಟಾಣಿ ರೈಲು ಹಳಿ ತಪ್ಪಿತೆಂದು ಎಂಜಿನ್ನನ್ನು ಬೈಯಬೇಡಿ ಮಾರಾಯ್ರೇ. ಬಿದ್ದ ಬೋಗಿಯನ್ನು ಎತ್ತಿಟ್ಟು, ಸಿಟ್ಟಿನಿಂದ ಇನ್ನಷ್ಟು ಜೋರಾಗಿ ಓಡಿಸುತ್ತೀರಿ. ಅದು ಮತ್ತೆ ಅಲ್ಲೇ ಬೀಳುತ್ತದೆ. ಅದರ ಬದಲು ಬಿದ್ದ ಜಾಗಕ್ಕೆ ಒಂದು ಚೂರು ಬಣ್ಣದ ಟೇಪ್ ಅಂಟಿಸಿ, ಬಿದ್ದ ಬೋಗಿ ಯಾವುದೆಂದು ಬರೆದಿಡಿ. ಒಂದೇ ಜಾಗದಲ್ಲಿ ಬೇರೆ ಬೇರೆ ಬೋಗಿಗಳು ಬಿದ್ದರೆ ತಪ್ಪು ಹಳಿಯದು; ಒಂದೇ ಬೋಗಿ ಹೋದಲ್ಲೆಲ್ಲ ಬಿದ್ದರೆ ತಪ್ಪು ಚಕ್ರದ್ದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾವು ನಗುತ್ತೇವೆ. ಈ ಆಟದಲ್ಲಿ ಮಾತ್ರ ಹೆಚ್ಚಿನ ಸಲ ನೆಲವೇ ಡೊಂಕು.

ನಿಂತುಕೊಂಡು ನೋಡಿದರೆ ಹಳಿಯ ಡೊಂಕು ಕಾಣಿಸದು. ಬಗ್ಗಿ, ಕಣ್ಣನ್ನು ಹಳಿಯ ಮಟ್ಟಕ್ಕೆ ತಂದು ಉದ್ದಕ್ಕೂ ನೋಡಿ. ಆಮೇಲೆ ಹಳಿಯ ಒಳ ಅಂಚಿನಲ್ಲಿ ಬೆರಳು ಜಾರಿಸಿ. ಬೆರಳಿಗೆ ತಡೆದದ್ದು ಚಕ್ರಕ್ಕೂ ತಡೆಯುತ್ತದೆ. ಸಾಮಾನ್ಯವಾಗಿ ಅದು ಎರಡು ಹಳಿ ಕೂಡುವ ಜಾಗ. ಹಳಿಗಳನ್ನು ಕೂಡಿಸುವ ಜಾಯಿನರ್ ಒಳಗೆ ತೂರಬೇಕಾದ ಹಳಿ ಅದರ ಮೇಲೇ ಹತ್ತಿ ಕೂತಿರುತ್ತದೆ. ಬಿಚ್ಚಿ, ನೆಟ್ಟಗೆ ತೂರಿಸಿ, ತುದಿಯ ಚೂಪನ್ನು ಸಣ್ಣ ಅರದಿಂದ ತೀಡಿ. ಹಳಿಯ ತಲೆಗೆ ಮರಳುಕಾಗದ ಮುಟ್ಟಿಸಬೇಡಿ, ಗೀರುಗಳಲ್ಲಿ ಕೊಳೆ ಮನೆಮಾಡುತ್ತದೆ. ಬಟ್ಟೆಗೆ ನಾಲ್ಕು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿದರೆ ಸಾಕು.

ತಿರುವಿನಲ್ಲಿ ಫ್ಲೆಕ್ಸ್ ಟ್ರ್ಯಾಕ್ ಎಂಬ ಬಾಗುವ ಹಳಿಯನ್ನು ಬಗ್ಗಿಸಿ ಆಮೇಲೆ ಜೋಡಿಸಲು ಹೋಗುತ್ತೀರಲ್ಲ, ಕೂಡುವಲ್ಲಿ ಮೊಣಕೈ ಬರುವುದು ಅದಕ್ಕೇ. ನೆಟ್ಟಗಿರುವಾಗಲೇ ಎರಡು ತುಂಡುಗಳನ್ನು ಬೆಸುಗೆ ಹಾಕಿ, ಆಮೇಲೆ ಬಗ್ಗಿಸಿ. ಎಚ್‌ಒ ಎಂಬ ಪುಟಾಣಿ ರೈಲಿನ ಅಳತೆಯಲ್ಲಿ 18 ಅಂಗುಲ ತ್ರಿಜ್ಯದ ತಿರುವು ಚಿಕ್ಕ ಗೂಡ್ಸ್ ಬೋಗಿಗೆ ಸರಿ, ಉದ್ದದ ಪ್ಯಾಸೆಂಜರ್ ಬೋಗಿಗೆ ಬಲು ಬಿಗಿ. ಎಡಕ್ಕೆ ಹೊರಳಿದ ಹಳಿ ತಕ್ಷಣ ಬಲಕ್ಕೆ ಹೊರಳುವುದೂ ಬೇಡ. ನಡುವೆ ನಿಮ್ಮ ಅತಿ ಉದ್ದದ ಬೋಗಿಯಷ್ಟಾದರೂ ನೇರ ಹಳಿ ಇರಲಿ. ಜಾಗ ಸಾಲದೆ? ಹಾಗಾದರೆ ಚಿಕ್ಕ ಬೋಗಿಯನ್ನೇ ಕೊಳ್ಳಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ಹಳಿ ಸರಿಯಿದ್ದೂ ಬಿದ್ದರೆ ಚಕ್ರ ನೋಡಿ. ಎಚ್‌ಒ ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಅದು 1435 ಮಿಲಿಮೀಟರ್ ಹಳಿಯ 87ನೇ ಒಂದು ಪಾಲು. ನಮ್ಮ ಮೆಟ್ರೊ ಓಡುವುದು ಆ ಅಗಲದಲ್ಲೇ. ಬ್ರಾಡ್‌ಗೇಜ್‌ನ 1676 ಅಲ್ಲ. ಹಳಿ, ಚಕ್ರ ಎರಡನ್ನೂ ಅಳೆಯುವ ಲೋಹದ ಗೇಜ್ ಒಂದು ಸಿಗುತ್ತದೆ, ಕೊಂಡಿಡಿ. ಹಗುರ ಬೋಗಿ ತಿರುವಿನಲ್ಲಿ ಒಳಕ್ಕೆ ಎಳೆಸಿಕೊಂಡು ಉರುಳುತ್ತದೆ. ಎಚ್‌ಒ ಬೋಗಿಗೆ ಅಮೆರಿಕದ ಮಾದರಿ ರೈಲು ಸಂಘ ಎನ್‌ಎಂಆರ್‌ಎ ಹೇಳುವ ತೂಕ 1 ಔನ್ಸ್, ಜೊತೆಗೆ ಅಂಗುಲಕ್ಕೆ ಅರ್ಧ ಔನ್ಸ್. 6 ಅಂಗುಲದ ಬೋಗಿ 4 ಔನ್ಸ್, ಅಂದರೆ ಸುಮಾರು 113 ಗ್ರಾಂ ತೂಗಬೇಕು. ಕಡಿಮೆಯಿದ್ದರೆ ಒಳಗೆ, ಆದಷ್ಟು ತಳದಲ್ಲಿ, ತೂಕದ ತುಂಡು ಅಂಟಿಸಿ. ಕೆಳಗಿನ ಗಾಲಿ ಚೌಕಟ್ಟುಗಳ ಸ್ಕ್ರೂಗಳೆರಡನ್ನೂ ಒಂದೇ ಸಮನೆ ಬಿಗಿದು ಕೂರಬೇಡಿ. ಒಂದು ಅತ್ತಿತ್ತ ವಾಲುವಷ್ಟು ಸಡಿಲವಿರಲಿ, ಇನ್ನೊಂದು ಬರೀ ತಿರುಗಿದರೆ ಸಾಕು.

ಜಲ್ಲಿಗೆ ಗೋಂದು ಸುರಿಯುವ ಅವಸರ ಬೇಡ. ಆತುರಗಾರನಿಗೆ ಬುದ್ಧಿ ಮಟ್ಟ. ಮೊದಲು ಇರುವ ಎಲ್ಲ ಬೋಗಿಗಳನ್ನು ಜೋಡಿಸಿ, ಎಂಜಿನ್‌ನಿಂದ ಹಿಂದಕ್ಕೆ ತಳ್ಳಿಸಿ. ಎಳೆಯುವಾಗ ಅಡಗಿದ್ದ ತಪ್ಪೆಲ್ಲ ತಳ್ಳುವಾಗ ಹೊರಬೀಳುತ್ತದೆ. ರೈಲು ಬೀಳದೆ ದಾಟಿದ ಮೇಲೆ ಜಲ್ಲಿ ಹಾಕಿ. ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಪಾಯಿಂಟ್‌ನ ಚಲಿಸುವ ಹಳಿಗಳ ಹತ್ತಿರ ಮಾತ್ರ ಗೋಂದು ಹನಿಸಬೇಡಿ, ಸುತ್ತಲಿನದು ಒಣಗುವ ತನಕ ಅವನ್ನು ಆಗಾಗ ಅತ್ತಿತ್ತ ಸರಿಸುತ್ತಿರಿ.