ಸೈಟು ನೋಡುವ ಮೊದಲು ಸರ್ವೆ ನಂಬರ್ ನೋಡಿ

ಕೊಪ್ಪಳದಿಂದಲೋ ಶಿವಮೊಗ್ಗದಿಂದಲೋ ಕೆಲಸಕ್ಕೆಂದು ಬೆಂಗಳೂರಿಗೆ ಬಂದವರ ಮನೆಯಲ್ಲಿ ವರ್ಷ ತುಂಬುವ ಹೊತ್ತಿಗೆ ಸ್ವಂತ ಸೂರಿನ ಮಾತು ಶುರುವಾಗುತ್ತದೆ. ‘ಬಾಡಿಗೆ ಕಟ್ಟೋ ದುಡ್ಡಲ್ಲಿ ಕಂತು ಕಟ್ಟಬಹುದಲ್ಲ’ ಎಂದು ಊರಿನಿಂದ ಅಪ್ಪ ಅಮ್ಮ ಹೇಳುತ್ತಾರೆ. ಸಾಲ ಕೊಡಲು ತಯಾರಿದ್ದೇವೆ ಎಂದು ಬ್ಯಾಂಕಿನ ಸಂದೇಶ ಬರುತ್ತದೆ. ಭಾನುವಾರ ಏಜೆಂಟರ ಕಾರು ಬಂದು ಆನೇಕಲ್, ಹೊಸಕೋಟೆ, ದೇವನಹಳ್ಳಿ, ನೆಲಮಂಗಲದ ಕಡೆಗೆ ಕರೆದೊಯ್ಯುತ್ತದೆ. ಆಫೀಸಿಗೆ ಎಷ್ಟು ದೂರ, ಮೆಟ್ರೊ ಯಾವಾಗ ಬರುತ್ತದೆ, ಕಾವೇರಿ ನೀರು ಇದೆಯೇ, ಶಾಲೆ ಹತ್ತಿರವೇ ಎಂದು ಎಲ್ಲರೂ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಗಳೇ ಇವು. ಆದರೆ ಇವಕ್ಕೂ ಮೊದಲು ಕೇಳಬೇಕಾದ್ದು ಬೇರೆ ಇದೆ: ಈ ಜಮೀನು ಯಾವ ಸರ್ವೆ ನಂಬರಿನದು, ಯಾರ ವ್ಯಾಪ್ತಿಯಲ್ಲಿದೆ, ಇಲ್ಲಿ ಮನೆ ಕಟ್ಟಲು ಕಾನೂನಿನ ಒಪ್ಪಿಗೆ ಇದೆಯೇ?

ಹುಟ್ಟಿದ ಊರಿನಲ್ಲಿ ಯಾವ ಹೊಲಕ್ಕೆ ಅಣ್ಣತಮ್ಮಂದಿರ ವ್ಯಾಜ್ಯವಿದೆ, ಯಾವುದು ಕೆರೆಯಂಗಳ, ಯಾವುದು ಗೋಮಾಳ ಎನ್ನುವುದು ಕಟ್ಟೆಯ ಮೇಲೆ ಕೂತವರ ಬಾಯಿಂದಲೇ ತಿಳಿಯುತ್ತದೆ. ವಲಸೆ ಬಂದವರಿಗೆ ಆ ಅನುಕೂಲವಿಲ್ಲ. ಊರವರು ಕಿವಿಯಿಂದ ತಿಳಿದದ್ದನ್ನು ಅವರು ದಾಖಲೆಯಿಂದಲೇ ತಿಳಿಯಬೇಕು. ಹಾಗೆ ತಿಳಿಯುವುದು ಪ್ರತಿ ನಾಗರಿಕನ ಹಕ್ಕು. ಪಹಣಿ, ಮ್ಯುಟೇಷನ್, ಗ್ರಾಮನಕ್ಷೆ, ಋಣಭಾರ ಪತ್ರ ಎಲ್ಲವೂ ಸಾರ್ವಜನಿಕ ದಾಖಲೆಗಳು. ಅವನ್ನು ನೋಡಲು ಮಾರುವವರ ಅನುಮತಿ ಬೇಕಿಲ್ಲ. ಇವನ್ನೆಲ್ಲ ನೋಡಿ ಮುಗಿಸುವವರೆಗೆ ಬಾಡಿಗೆ ಮನೆಯಲ್ಲಿ ಇರುವುದರಿಂದ ದುಡ್ಡು ಹಾಳಾಯಿತು ಎಂದುಕೊಳ್ಳಬೇಡಿ. ಹನ್ನೊಂದು ತಿಂಗಳ ಒಂದು ಕರಾರು ಮುಗಿಯುವುದರೊಳಗೆ ಊರಿನ ರಸ್ತೆ, ಮಳೆ, ನೀರು ಮೂರೂ ಗೊತ್ತಾಗುತ್ತವೆ.

ಏಜೆಂಟರು ಸೈಟು ತೋರಿಸುವಾಗ ನಿಂತಲ್ಲೇ ಮೊಬೈಲಿನಲ್ಲಿ ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್ ತೆರೆಯಿರಿ. ನೀವು ನಿಂತ ಜಾಗದ ಸರ್ವೆ ನಂಬರ್ ಗಡಿ ಸಮೇತ ಪರದೆಯ ಮೇಲೆ ಬರುತ್ತದೆ. ಮಾರುವವರು ಹೇಳಿದ ನಂಬರಿಗೂ ಇದಕ್ಕೂ ತಾಳೆಯಾಗದಿದ್ದರೆ ಅಲ್ಲೇ ನಿಲ್ಲಿಸಿ, ಕಾರಣ ಕೇಳಿ. ತಾಳೆಯಾದರೆ ಆ ನಂಬರ್ ಹಿಡಿದು ‘ಭೂಮಿ’ ಜಾಲತಾಣದಲ್ಲಿ ಪಹಣಿ ನೋಡಿ. 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, 10ರಲ್ಲಿ ಆ ಹಕ್ಕು ಅವರಿಗೆ ಹೇಗೆ ಬಂತು, 11ರಲ್ಲಿ ಋಣ ಮತ್ತು ಇತರೆ ಹಕ್ಕುಗಳು ಇರುತ್ತವೆ. ವಿಸ್ತೀರ್ಣದ ಕಾಲಂನಲ್ಲಿ ‘ಖರಾಬು’ ಎಂಬುದನ್ನು ಹುಡುಕಿ. ‘ಅ’ ಖರಾಬು ಸಾಗುವಳಿಗೆ ಬಾರದ ನೆಲ. ‘ಬ’ ಖರಾಬು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು. ಅದನ್ನು ಮಾರಲು ಯಾರಿಗೂ ಅಧಿಕಾರವಿಲ್ಲ. ಬೆಂಗಳೂರಿನಲ್ಲಿ ರಾಜಕಾಲುವೆಯ ಮೇಲೆ ಮನೆ ಕಟ್ಟಿ, ತೆರವಿನ ಯಂತ್ರ ಬಂದಾಗ ಕಣ್ಣೀರಿಟ್ಟವರಲ್ಲಿ ಬಹಳ ಮಂದಿ ಕೈಗೆ ಬಂದ ಕ್ರಯಪತ್ರವನ್ನು ನಂಬಿದ್ದವರು, ಗ್ರಾಮನಕ್ಷೆಯನ್ನು ಯಾರೂ ಅವರಿಗೆ ತೋರಿಸಿರಲಿಲ್ಲ.

ಕೃಷಿ ಜಮೀನಿನಲ್ಲಿ ಮನೆ ಏಳಬೇಕಾದರೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಪರಿವರ್ತನೆ ಆಗಿರಬೇಕು. ಬಡಾವಣೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿಯೂ ಬೇಕು. ಇವೆರಡೂ ಇಲ್ಲದೆ ಹೊಲವನ್ನು ತುಂಡು ಮಾಡಿ ಮಾರುವುದೇ ಜನ ಕರೆಯುವ ‘ರೆವಿನ್ಯೂ ಸೈಟು’. ಬೆಲೆ ಕಡಿಮೆ ಎಂದು ಇಲ್ಲಿಗೆ ಬೀಳುವವರಲ್ಲಿ ಹೆಚ್ಚಿನವರು ಮೊದಲ ಸಲ ಕೊಳ್ಳುವವರೇ. ‘ಪಂಚಾಯಿತಿ ಖಾತೆ ಇದೆ, ಕಂದಾಯ ಕಟ್ಟಿದ್ದೇವೆ’ ಎಂಬ ಮಾತಿಗೆ ಮರುಳಾಗಬೇಡಿ. ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕ್ರಮಬದ್ಧ ಆಸ್ತಿಗೆ ಕೊಡುವಂಥವು. 11ಬಿ ಎಂದರೆ ಎಚ್ಚರ ಬೇಕು. ನಗರದಲ್ಲಿ ಬಿ ಖಾತಾ ಕೂಡ ಅದೇ ಜಾತಿಯದು: ಕ್ರಮಬದ್ಧವಲ್ಲದ ಆಸ್ತಿಯಿಂದ ತೆರಿಗೆ ವಸೂಲು ಮಾಡಲು ಇಟ್ಟ ಪಟ್ಟಿ. ಖಾತೆ ಯಾವುದೇ ಇರಲಿ, ತೆರಿಗೆ ಯಾರಿಂದ ವಸೂಲಾಗಬೇಕು ಎಂಬುದನ್ನಷ್ಟೇ ಅದು ಹೇಳುತ್ತದೆ. ಮಾಲೀಕತ್ವ ಬರುವುದು ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಉತ್ತರಾಧಿಕಾರದಿಂದ. 2024ರ ಅಕ್ಟೋಬರ್‌ನಿಂದ ನಗರ ಆಸ್ತಿಗಳ ನೋಂದಣಿಗೆ ಇ-ಖಾತಾ ಕಡ್ಡಾಯವಾಗಿರುವುದರಿಂದ, ಮುಂಗಡ ಕೊಡುವ ಮೊದಲೇ ಅದರ ಪ್ರತಿ ಕೇಳಿ.

ಜಾಗದ ಮೇಲೆ ಸರ್ಕಾರದ ಕಣ್ಣು ಇದೆಯೇ ಎಂಬುದೂ ಮುಖ್ಯ. ಯಲಹಂಕ ಸುತ್ತಲಿನ ಹದಿನೇಳು ಹಳ್ಳಿಗಳಲ್ಲಿ 3,546 ಎಕರೆಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ 2008ರ ಕೊನೆಯಲ್ಲಿ ಡಾ. ಶಿವರಾಮ ಕಾರಂತ ಬಡಾವಣೆಗಾಗಿ ಪ್ರಾಥಮಿಕ ಅಧಿಸೂಚನೆ ಹೊರಡಿಸಿತ್ತು. ಮುಂದಿನ ವರ್ಷಗಳಲ್ಲೂ ಅಲ್ಲಿ ಸೈಟು ಕೊಂಡವರಿದ್ದರು, ಮನೆ ಕಟ್ಟಿದವರಿದ್ದರು. 2018ರಲ್ಲಿ ಸುಪ್ರೀಂ ಕೋರ್ಟ್ ಭೂಸ್ವಾಧೀನವನ್ನು ಎತ್ತಿಹಿಡಿಯಿತು. ಕಟ್ಟಿದ ಮನೆಗಳ ಗತಿಯನ್ನು ಪರಿಶೀಲಿಸಲು ನಿವೃತ್ತ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಅವರ ಸಮಿತಿಯನ್ನೂ ಕೋರ್ಟೇ ನೇಮಿಸಬೇಕಾಯಿತು. ಎಷ್ಟೋ ಕುಟುಂಬಗಳು ತಮ್ಮ ಮನೆ ತಮಗೆ ಉಳಿಯುತ್ತದೆಯೋ ಇಲ್ಲವೋ ಎಂದು ಕಾದು ಕುಳಿತವು. ಸರ್ವೆ ನಂಬರ್ ಸ್ವಾಧೀನದ ಅಧಿಸೂಚನೆಯಲ್ಲಿ ಇದೆಯೇ ಎಂದು ಪ್ರಾಧಿಕಾರ, ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಹೆದ್ದಾರಿ ಪ್ರಾಧಿಕಾರಗಳಲ್ಲಿ ವಿಚಾರಿಸಿ, ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ವಿಮಾನ ನಿಲ್ದಾಣದ ಕಡೆ ಕೊಳ್ಳುವವರಿಗೆ ಇದು ತಪ್ಪಿಸಲಾಗದ ಕೆಲಸ.

ಹೊರವಲಯದ ಜಮೀನುಗಳಲ್ಲಿ ಇನ್ನೊಂದು ಪ್ರಶ್ನೆಯಿದೆ. ಅದು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯೇ? ಆಗಿದ್ದರೆ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ 1978ರ ಪಿಟಿಸಿಎಲ್ ಕಾಯ್ದೆಯಂತೆ ಅನೂರ್ಜಿತ. 2023ರ ತಿದ್ದುಪಡಿಯ ಬಳಿಕ, ಭೂಮಿ ವಾಪಸ್ ಕೇಳುವ ಅರ್ಜಿಗೆ ಕಾಲಮಿತಿಯ ಅಡ್ಡಿಯೂ ಇಲ್ಲ. ಬಡವರ ಭೂಮಿ ಉಳಿಸಲು ಬಂದ ನ್ಯಾಯವಾದ ಕಾನೂನು ಇದು. ಕೊಳ್ಳುವವರು ಮಂಜೂರಾತಿಯ ಇತಿಹಾಸವನ್ನು ಮೂಲದಿಂದ ಓದಿಸಿಕೊಳ್ಳಬೇಕು.

ಇನ್ನು ಮಾರುವವರ ಮನೆ ಮಂದಿ. ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷ ಕೇಳಿ, ಹೆಣ್ಣುಮಕ್ಕಳ ಹೆಸರು ಬಿಟ್ಟಿಲ್ಲವೆಂದು ಖಚಿತಮಾಡಿಕೊಳ್ಳಿ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಂತೆ ಮಗಳೂ ಹುಟ್ಟಿನಿಂದಲೇ ಸಮಾನ ಹಕ್ಕುದಾರಳು. ಆ ತಿದ್ದುಪಡಿ ಜಾರಿಗೆ ಬಂದಾಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪಾಲುಪತ್ರ ಅಥವಾ ಕೋರ್ಟ್ ಡಿಕ್ರಿಯಿಂದ ವಿಭಾಗವಾಗಿದ್ದರೆ ಮಾತು ಬೇರೆ. ‘ಅಕ್ಕಂದಿರಿಗೆ ಮದುವೆಯಲ್ಲೇ ಕೊಟ್ಟಾಯಿತು’ ಎಂಬ ಮಾತು ಎಷ್ಟು ಸಲ ಕೇಳಿಬಂದರೂ ಅವರ ಸಹಿಗೆ ಅದು ಬದಲಿಯಾಗದು.

ಋಣಭಾರ ಪತ್ರವನ್ನು, ಜನರ ಬಾಯಲ್ಲಿ ಇ.ಸಿ., ಕನಿಷ್ಠ ಮೂವತ್ತು ವರ್ಷದ್ದು ತೆಗೆಸಿ. ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ, ಹಳೆಯದಕ್ಕೆ ಉಪನೋಂದಣಿ ಕಚೇರಿಗೆ ಅರ್ಜಿ ಬೇಕು. ನೋಂದಣಿಯಾದ ವ್ಯವಹಾರ ಮಾತ್ರ ಇ.ಸಿ.ಯಲ್ಲಿ ಕಾಣುತ್ತದೆ. ಬ್ಯಾಂಕಿಗೆ ಹಕ್ಕುಪತ್ರ ಒಪ್ಪಿಸಿ ಪಡೆದ ಸಾಲ ಇದೆಯೇ ಎಂದು ಅಡಮಾನಗಳ ಕೇಂದ್ರೀಯ ದಾಖಲೆಯಾದ ಸೆರ್ಸಾಯ್ ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಹುಡುಕಬಹುದು. ಜಿಪಿಎ, ಅಂದರೆ ಸಾಮಾನ್ಯ ಅಧಿಕಾರಪತ್ರ, ಮತ್ತು ಕರಾರಿನ ಮೇಲಷ್ಟೇ ಮಾರುವವರಿಂದ ದೂರವಿರಿ. ಅಂಥ ವ್ಯವಹಾರದಿಂದ ಹಕ್ಕು ವರ್ಗಾವಣೆಯಾಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಫ್ಲಾಟ್ ಕೊಳ್ಳುವವರ ಕೈಯಲ್ಲಿ 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅಂದರೆ ರೇರಾ, ಇದೆ. ಜಮೀನು 500 ಚದರ ಮೀಟರಿಗೆ ಅಥವಾ ಮನೆಗಳು ಎಂಟಕ್ಕೆ ಮೀರಿದ ಯೋಜನೆ ನೋಂದಣಿಯಾಗಲೇಬೇಕು. ಕರ್ನಾಟಕ ರೇರಾ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ಮಂಜೂರಾದ ನಕ್ಷೆ, ಮುಗಿಸಬೇಕಾದ ದಿನ, ದೂರುಗಳು ಕಾಣುತ್ತವೆ. ನೋಂದಾಯಿತ ಕರಾರು ಇಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಕೊಟ್ಟ ದಿನಕ್ಕೆ ಮನೆ ಸಿಗದಿದ್ದರೆ ಬಡ್ಡಿ ಸಮೇತ ಹಣ ವಾಪಸ್ ಕೇಳಬಹುದು, ಉಳಿದುಕೊಳ್ಳುವುದಾದರೆ ತಡವಾದ ಪ್ರತಿ ತಿಂಗಳಿಗೆ ಬಡ್ಡಿ ಪಡೆಯಬಹುದು. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ರಚನೆಯಲ್ಲಿ ದೋಷ ಕಂಡರೆ ಬಿಲ್ಡರ್ ತಮ್ಮ ಖರ್ಚಿನಲ್ಲೇ ಸರಿಪಡಿಸಬೇಕು. ಗಲ್ಲಿಗಳಲ್ಲಿ ಸೈಟಿನ ಮೇಲೆ ಏಳುವ ನಾಲ್ಕು, ಆರು ಫ್ಲಾಟುಗಳ ಕಟ್ಟಡಗಳು ಹೆಚ್ಚಾಗಿ ಈ ರಕ್ಷಣೆಯ ಹೊರಗಿವೆ. ಅಲ್ಲಿ ಮಂಜೂರಾದ ನಕ್ಷೆಗಿಂತ ಒಂದು ಮಹಡಿ ಹೆಚ್ಚಿದೆಯೇ ಎಂದು ಮೆಟ್ಟಿಲು ಹತ್ತಿ ಎಣಿಸಿ ನೋಡಿ.

ಸಿದ್ಧವಾದ ಫ್ಲಾಟಾದರೆ ಸ್ವಾಧೀನಾನುಭವ ಪ್ರಮಾಣಪತ್ರ, ಅಂದರೆ ಒಸಿ, ಇಲ್ಲದೆ ಮುಂದುವರಿಯಬೇಡಿ. ಅದಿಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕು ಎಂದು 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿದೆ. ‘ಆಮೇಲೆ ತೆಗೆಸಿಕೊಡುತ್ತೇವೆ’ ಎಂಬ ಭರವಸೆ ನಂಬಿ ವರ್ಷಗಟ್ಟಲೆ ತಾತ್ಕಾಲಿಕ ಸಂಪರ್ಕದಲ್ಲೇ ದಿನ ದೂಡುವ ಅಪಾರ್ಟ್‌ಮೆಂಟುಗಳು ನಮ್ಮ ನಡುವೆಯೇ ಇವೆ.

ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. 60 ಲಕ್ಷದ ಫ್ಲಾಟಿಗೆ ರಿಸರ್ವ್ ಬ್ಯಾಂಕ್ ಮಿತಿಯಂತೆ ಸಿಗುವ ಸಾಲ ಹೆಚ್ಚೆಂದರೆ ಶೇ. 80, ಅಂದರೆ 48 ಲಕ್ಷ. ಮುದ್ರಾಂಕ ಶುಲ್ಕ 45 ಲಕ್ಷ ಮೀರಿದ ಆಸ್ತಿಗೆ ಶೇ. 5, ಅದರ ಮೇಲೆ ಉಪಕರ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಇವೆಲ್ಲ ಸೇರಿ ಆಗುವ ಸುಮಾರು ನಾಲ್ಕೂವರೆ ಲಕ್ಷ ಸಾಲದ ಲೆಕ್ಕಕ್ಕೆ ಸೇರದು, ನಿಮ್ಮ ಕೈಯಿಂದಲೇ ಹೋಗಬೇಕು. ಕಟ್ಟುತ್ತಿರುವ ಫ್ಲಾಟಾದರೆ ಶೇ. 5 ಜಿಎಸ್‌ಟಿಯೂ ಸೇರುತ್ತದೆ. ಬೆಲೆ 50 ಲಕ್ಷ ಮುಟ್ಟಿದರೆ ಶೇ. 1ರಷ್ಟು ತೆರಿಗೆ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದು. ಮಾರುವವರು ವಿದೇಶದಲ್ಲಿ ನೆಲೆಸಿದ ಅನಿವಾಸಿಯಾದರೆ ದರ ಬಹಳ ಹೆಚ್ಚು. ಬೆಂಗಳೂರಿನಲ್ಲಿ ಇಂಥ ಮಾಲೀಕರು ಕಡಿಮೆಯಿಲ್ಲ, ಲೆಕ್ಕಪರಿಶೋಧಕರನ್ನು ಕೇಳಿಯೇ ಹಣ ಕೊಡಿ. ಬ್ಯಾಂಕಿನ ವಕೀಲರು ಕಾಗದ ನೋಡಿದ್ದಾರೆ ಎಂಬುದಕ್ಕೆ ಸಮಾಧಾನಪಡಬೇಡಿ. ಅವರು ನೋಡುವುದು ಬ್ಯಾಂಕಿನ ಹಣದ ಭದ್ರತೆ. ನಿಮ್ಮ ಪರವಾಗಿ ನೋಡುವ ವಕೀಲರು ಬೇರೆಯೇ ಇರಬೇಕು.

ನೋಂದಣಿಯ ದಿನ ಕರಡನ್ನು ಓದಿಯೇ ಸಹಿ ಹಾಕಿ. ಚೆಕ್ಕುಬಂದಿಯ ನಾಲ್ಕು ದಿಕ್ಕುಗಳನ್ನು ಸ್ಥಳದಲ್ಲಿ ನಿಂತು ಒಮ್ಮೆ ತಾಳೆ ನೋಡಿರಬೇಕು. ಸೈಟಿನ ಪಶ್ಚಿಮಕ್ಕೆ ‘ರಸ್ತೆ’ ಎಂದು ಬರೆದು, ಸ್ಥಳದಲ್ಲಿ ಅಲ್ಲಿ ಬೇರೆಯವರ ಗೋಡೆ ಇದ್ದರೆ ಅಂದೇ ಜಗಳ ಕೊಂಡಂತೆ. ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಮೂಲಪತ್ರ ಮರಳಿಸಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಈ ನಿಯಮವನ್ನು ಈಗಲೇ ಬರೆದಿಟ್ಟುಕೊಳ್ಳಿ.

ಮೋಸ ಆದರೆ? ಬಿಲ್ಡರ್ ವಿರುದ್ಧ ರೇರಾಕ್ಕೂ ಹೋಗಬಹುದು, ಗ್ರಾಹಕರ ಆಯೋಗಕ್ಕೂ ಹೋಗಬಹುದು. ಒಂದು ಇದೆ ಎಂಬ ಕಾರಣಕ್ಕೆ ಇನ್ನೊಂದರ ಬಾಗಿಲು ಮುಚ್ಚುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪಾವತಿಸಿದ ಮೊತ್ತ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, ಅದರ ಮೇಲೆ 2 ಕೋಟಿಯವರೆಗೆ ರಾಜ್ಯ ಆಯೋಗ. ರೇರಾ ಆದೇಶದ ಹಣವನ್ನು ಭೂ ಕಂದಾಯ ಬಾಕಿಯಂತೆ ಕಂದಾಯ ಅಧಿಕಾರಿಗಳೇ ವಸೂಲು ಮಾಡಬೇಕು, ಮತ್ತು ನಮ್ಮಲ್ಲಿ ಎಡವುತ್ತಿರುವುದು ಅಲ್ಲಿಯೇ. ಆದೇಶ ಹಿಡಿದು ತಹಶೀಲ್ದಾರ್ ಕಚೇರಿಗೆ ಅಲೆಯುವವರ ಸಂಕಟವನ್ನು ಸರ್ಕಾರ ಇನ್ನಾದರೂ ಗಂಭೀರವಾಗಿ ತೆಗೆದುಕೊಳ್ಳಬೇಕು.

ವಕೀಲರ ಶುಲ್ಕಕ್ಕೆ ಅಂಜಿ ಕಾಗದ ತೋರಿಸದೆ ಇರಬೇಡಿ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಕಾನೂನು ನೆರವು ಉಚಿತ. ಸಹಾಯವಾಣಿ ಸಂಖ್ಯೆ 15100. ಏಜೆಂಟರಿಗೆ ಟೋಕನ್ ಹಣ ಕೊಡುವ ಮೊದಲು ಈ ಸಂಖ್ಯೆಗೆ ಒಂದು ಕರೆ ಮಾಡಿ.